ಕೆಟಲ್ ಬಿಲ್ಲೆಯ ಬೆನ್ನು ಹತ್ತಿ

ಅಲೆನ್

"ತಾಮ್ರದ ಬಗ್ಗೆ ನನಗೆ ಹೇಳಿಕೊಡಬೇಡಿ" ಎಂದು ಟೆಕ್ಸಾಸಿನಲ್ಲಿ ನಾನು ಎಷ್ಟು ಜನರಿಗೆ ಹೇಳಿದೆನೋ ನೆನಪಿಲ್ಲ. ಈಗ ಆ ಮಾತು ತಲೆಗೆ ಬಂದರೆ ಕಿವಿ ಬಿಸಿಯಾಗುತ್ತದೆ. ಹೇಳಿದ್ದು ಸುಳ್ಳೇನೂ ಅಲ್ಲ. ತುಮಕೂರಿನಲ್ಲಿ ನಮ್ಮದು ಮುತ್ತಾತನ ಕಾಲದ ಪಾತ್ರೆ ಅಂಗಡಿ. ಅಪ್ಪ ಹೋದ ಮೇಲೆ ಗಲ್ಲಾದ ಮುಂದೆ ನಾನೇ ಕೂರುತ್ತಿದ್ದೇನೆ. ಹಳೆಯ ಹಂಡೆ, ಕೊಡಗಳನ್ನು ತಂದು ತೂಕಕ್ಕೆ ಹಾಕಿ, ಸ್ಟೀಲ್ ಡಬ್ಬ ಒಯ್ಯುವವರು ಇವತ್ತಿಗೂ ಇದ್ದಾರೆ. ಅಂಥ ಹಂಡೆಗಳ ತಳದಲ್ಲಿ ಒಮ್ಮೊಮ್ಮೆ ಕಿಲುಬು ಹಿಡಿದ ಕಾಸುಗಳು ಅಂಟಿಕೊಂಡಿರುತ್ತವೆ. ಒಂದು ದಿನ ಹಾಗೆ ಸಿಕ್ಕಿದ್ದು ಆನೆ ಚಿತ್ರದ ಮೈಸೂರು ಕಾಸು. ಹುಚ್ಚು ಹತ್ತಿಕೊಂಡದ್ದು ಅಲ್ಲಿಂದ. ಸಿಕ್ಕಿದ್ದನ್ನೆಲ್ಲ ಹುಣಸೆಹಣ್ಣು, ಉಪ್ಪು ಹಾಕಿ ತಿಕ್ಕಿ ಅಂಗಡಿಯ ಗಾಜಿನ ಕಪಾಟಿನಲ್ಲಿ ಜೋಡಿಸಿದ್ದೇನೆ. ಲೈಟು ಹಾಕಿದರೆ ಥಳಥಳ ಎನ್ನುತ್ತವೆ.

ಅಮೆರಿಕದ ತಾಮ್ರದ ಬಿಲ್ಲೆಗಳ ವಿಷಯ ತಿಳಿದದ್ದು ಟೆಕ್ಸಾಸಿನ ಅಲೆನ್ ಎಂಬ ಊರಿನಲ್ಲಿರುವ ತಂಗಿ ವಿಮಲಾ ಕಳಿಸಿದ ಒಂದು ಫೋಟೊದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿನ ಅಂತರ್ಯುದ್ಧದ ಹೊತ್ತಿಗೆ ಜನ ಇದ್ದಬದ್ದ ನಾಣ್ಯಗಳನ್ನೆಲ್ಲ ಬಚ್ಚಿಟ್ಟುಕೊಂಡರಂತೆ. ಚಿಲ್ಲರೆ ಸಿಗದೆ ವ್ಯಾಪಾರ ನಿಂತಿತು. ಆಗ ಅಂಗಡಿಯವರೇ ತಮ್ಮ ಹೆಸರು ಹಾಕಿ ತಾಮ್ರದ ಬಿಲ್ಲೆ ಹೊಡೆಸಿ ಚಿಲ್ಲರೆಯ ಬದಲು ಕೊಡತೊಡಗಿದರು. ಚಪ್ಪಲಿ ಅಂಗಡಿಯವನ ಬಿಲ್ಲೆಯ ಮೇಲೆ ಬೂಟು, ಕೊಡೆ ಮಾರುವವನದರ ಮೇಲೆ ಕೊಡೆ. ನಾನೂ ಚಿಲ್ಲರೆ ಇಲ್ಲದಾಗ ಟಾಫಿ ಕೊಟ್ಟು ಕಳಿಸುವವಳೇ. ಆದರೆ ನನ್ನ ಹೆಸರನ್ನು ಟಾಫಿಯ ಮೇಲೆ ಹಾಕಿಸುವ ಧೈರ್ಯ ನನಗೆ ಬಂದಿರಲಿಲ್ಲ. ಆ ಫೋಟೊದಲ್ಲಿ ಒಂದು ಬಿಲ್ಲೆಯ ಮೇಲೆ ಕೆಟಲ್ ಚಿತ್ರವಿತ್ತು. ಹೊಡೆಸಿದವನು ಪಾತ್ರೆ ವ್ಯಾಪಾರಿ. ನಮ್ಮ ಕಸುಬಿನವನು! ಅದನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು ಅನ್ನಿಸಿಬಿಟ್ಟಿತು. ತಂಗಿಯನ್ನು ನೋಡಲು ಹೋಗುತ್ತೇನೆಂದು ಊರಿಗೆಲ್ಲ ಹೇಳಿ ಹೊರಟೆ.

ಅಲೆನ್ ಬಹಳ ಶಿಸ್ತಿನ ಊರು. ಮನೆಗಳೆಲ್ಲ ಒಂದೇ ಥರ. ಬಂದ ಮರುದಿನ ಬೆಳಗ್ಗೆ ವಾಕಿಂಗ್ ಹೋದವಳು ವಾಪಸು ಬರುವಾಗ ಪಕ್ಕದ ರಸ್ತೆಯ ಇನ್ಯಾರದೋ ಮನೆಯ ಬಾಗಿಲು ಬಡಿದೆ. ಹೊರಬಂದ ಗಂಡಸು ನಿದ್ದೆಗಣ್ಣಲ್ಲೇ ನಕ್ಕು, ಮನೆ ನಂಬರ್ ಕೇಳಿ, ಕಾರಿನಲ್ಲಿ ಕೂರಿಸಿಕೊಂಡು ಬಂದು ಬಿಟ್ಟ. ನಮ್ಮಲ್ಲಾದರೆ ಮೊದಲು ಯಾರ ಕಡೆಯವರು ಎಂದು ವಿಚಾರಿಸಿ, ಕಾಫಿ ಕುಡಿಸಿ, ಆಮೇಲೆ ಬೀದಿ ತೋರಿಸುತ್ತಿದ್ದರು. ಇಲ್ಲಿ ಒಂದೂ ಪ್ರಶ್ನೆಯಿಲ್ಲ. ಗುರುತಿಲ್ಲದವರನ್ನು ಇಷ್ಟು ಸುಲಭವಾಗಿ ನಂಬುತ್ತಾರಲ್ಲ ಎಂದು ವಿಮಲಾಗೆ ಹೇಳಿ ನಕ್ಕಿದ್ದೆ.

ಡಲ್ಲಾಸ್

ಭಾನುವಾರ ವಿಮಲಾ ನನ್ನನ್ನು ಡಲ್ಲಾಸಿನ ನಾಣ್ಯ ಮೇಳಕ್ಕೆ ಕರೆದುಕೊಂಡು ಹೋದಳು. ನಮ್ಮ ಕಡೆಯ ನಾಣ್ಯ ಮೇಳಗಳಲ್ಲಿ ಕೂಗಾಟ, ಚೌಕಾಸಿ, ಮಧ್ಯೆ ಮಸಾಲೆ ದೋಸೆಯ ವಾಸನೆ. ಇಲ್ಲಿ ಅಷ್ಟು ದೊಡ್ಡ ಹಾಲಿನಲ್ಲಿ ಜನ ಪಿಸುಗುಟ್ಟುತ್ತ, ಭೂತಗನ್ನಡಿ ಹಿಡಿದು ಬಗ್ಗಿ ಕೂತಿದ್ದರು. ಒಂದು ಮೇಜಿನ ಮೇಲೆ ವೆಲ್ವೆಟ್ ತಟ್ಟೆಯಲ್ಲಿ ಬಿಲ್ಲೆಗಳು ಕಂಡವು. ಎಲ್ಲವೂ ಕಂದು, ಕೆಲವು ಕಪ್ಪೇ. ಅಯ್ಯೋ, ಮಾರಾಟಕ್ಕಿಡುವ ಮುಂಚೆ ತೊಳೆಯಬಾರದಿತ್ತೇ ಎಂದುಕೊಂಡೆ. ಒಂದನ್ನು ಎತ್ತಿಕೊಂಡು ಹೆಬ್ಬೆರಳಿನಿಂದ ಉಜ್ಜಿ, ಮೇಜಿನ ಗಾಜಿಗೆ ಟಣ್ ಎಂದು ಬಡಿದೆ. ಪಾತ್ರೆ ಬಿರುಕು ಬಿಟ್ಟಿದೆಯೇ ಎಂದು ನಾವು ನೋಡುವುದೇ ಹಾಗೆ.

ಮೇಜಿನ ಹಿಂದಿದ್ದ ಹೆಂಗಸಿನ ಮುಖ ಬಿಳಿಚಿಕೊಂಡಿತು.

"ದಯವಿಟ್ಟು ಅಂಚು ಹಿಡೀರಿ. ಬಿಲ್ಲೆಯ ಮುಖದ ಮೇಲೆ ಬೆರಳು ಬೇಡ" ಎಂದರು. ಅಲ್ಲಿಯವರು ಇಂಗ್ಲಿಷಿನಲ್ಲಿ ಆಡಿದ್ದನ್ನು ನನಗೆ ಕೇಳಿಸಿದ ಹಾಗೆ ಕನ್ನಡದಲ್ಲೇ ಬರೆಯುತ್ತಿದ್ದೇನೆ.

"ಅಕ್ಕಾ, ಕೆಳಗಿಡು. ಎಲ್ರೂ ನಮ್ಮನ್ನೇ ನೋಡ್ತಿದಾರೆ" ಎಂದಳು ವಿಮಲಾ.

"ನೋಡ್ಲಿ ಬಿಡೆ. ತಾಮ್ರ ಏನು ಗಾಜಾ, ಒಡೆದೋಗಕ್ಕೆ?"

ಆ ಹೆಂಗಸಿಗೆ ನನ್ನ ಮುತ್ತಾತನಿಂದ ಹಿಡಿದು ಎಲ್ಲ ಹೇಳಿದೆ. ತಾಮ್ರದಲ್ಲೇ ಹುಟ್ಟಿ ಬೆಳೆದವಳು, ನನಗೇ ಹಿಡಿಯುವುದನ್ನು ಹೇಳಿಕೊಡುತ್ತೀರಾ ಎಂದು ನಗುನಗುತ್ತಲೇ ಕೇಳಿದೆ. ನಂಬಿಕೆ ಬರಲಿ ಎಂದು ಫೋನ್ ತೆಗೆದು ನನ್ನ ಗಾಜಿನ ಕಪಾಟಿನ ಚಿತ್ರಗಳನ್ನು ತೋರಿಸಿದೆ. ಅವರು ಒಂದೊಂದನ್ನೂ ಬೆರಳಿನಿಂದ ಸರಿಸುತ್ತ ಬಹಳ ಹೊತ್ತು ನೋಡಿದರು.

"ಎಲ್ಲಾನೂ ನೀವೇ ಹೀಗೆ ಮಾಡಿದ್ದಾ?"

"ನನ್ನ ಕೈಯಾರೆ."

"ತುಂಬಾ... ಹೊಳೀತಿವೆ" ಎಂದರು.

ಥ್ಯಾಂಕ್ಸ್ ಹೇಳಿದೆ. ಆ 'ತುಂಬಾ' ಮತ್ತು 'ಹೊಳೀತಿವೆ' ನಡುವೆ ಅವರು ತೆಗೆದುಕೊಂಡ ಹೊತ್ತನ್ನು ಮೆಚ್ಚುಗೆ ಎಂದೇ ಅರ್ಥ ಮಾಡಿಕೊಂಡೆ. ಕೆಟಲ್ ಬಿಲ್ಲೆ ಅವರ ಬಳಿ ಇರಲಿಲ್ಲ. ಅದು ಬಹಳ ಅಪರೂಪದ್ದು, ಹ್ಯೂಸ್ಟನ್‌ನಲ್ಲಿ ವಾಲ್ಟರ್ ಎನ್ನುವ ಹಿರಿಯರೊಬ್ಬರ ಹತ್ತಿರ ಒಂದಿದೆ ಎಂದು ಹೇಳಿ, ಆ ಹಿರಿಯರಿಗೆ ಅಲ್ಲಿಂದಲೇ ಫೋನ್ ಮಾಡಿದರು. ನನ್ನನ್ನು ಬೇಗ ಸಾಗಹಾಕುವ ಉಪಾಯವೂ ಇದ್ದೀತು.

ಹ್ಯೂಸ್ಟನ್

ವಿಮಲಾ ಎರಡು ದಿನ ರಜೆ ಹಾಕಿ ಡ್ರೈವ್ ಮಾಡಿದಳು. ಹ್ಯೂಸ್ಟನ್‌ನಲ್ಲಿ ಕಾರಿನಿಂದ ಇಳಿದ ಕೂಡಲೇ ಮಂಗಳೂರಿನ ಸೆಕೆ. ಕನ್ನಡಕದ ಮೇಲೆ ಹಬೆ ಕಟ್ಟಿ ಬಾಗಿಲೇ ಕಾಣಲಿಲ್ಲ.

ವಾಲ್ಟರ್ ಎತ್ತರದ ಆಳು, ಮಾತು ಮೆಲ್ಲಗೆ. ಒಂಟಿಯಾಗಿದ್ದರು. ಕಣ್ಣಿನ ಆಪರೇಷನ್ ಆದಮೇಲೆ ದೂರದ್ದು ಸರಿಯಾಗಿ ಕಾಣದೆ ಕಾರು ಓಡಿಸುವುದನ್ನು ಬಿಟ್ಟಿದ್ದರು. ಲೋಟದ ತುಂಬ ಐಸು ಹಾಕಿ ತಣ್ಣನೆಯ ಟೀ ಕೊಟ್ಟರು. ನಾನು ಮುಗಿಸಿದ ಹಾಗೆಲ್ಲ ಕೇಳದೆ ತುಂಬಿಸಿದರು. ನಮ್ಮಲ್ಲಿ ಎಲೆಯ ಮೇಲೆ ಕೈ ಅಡ್ಡ ಹಿಡಿದರೆ ಬಡಿಸುವುದು ನಿಲ್ಲುತ್ತದೆ. ಲೋಟದ ಮೇಲೆ ಕೈ ಅಡ್ಡ ಹಿಡಿದರೆ ಅವರು ನನ್ನ ಕೈ ತಣ್ಣಗಾಯಿತೇ ಎಂದು ಕೇಳಿದರು.

ಆಮೇಲೆ ಹತ್ತಿ ಹಾಸಿದ ಪುಟ್ಟ ಪೆಟ್ಟಿಗೆಯೊಂದನ್ನು ತಂದು ಬಟ್ಟೆಯ ಮೇಲಿಟ್ಟು ಮುಚ್ಚಳ ತೆಗೆದರು. ನಮ್ಮ ಒಂದು ರೂಪಾಯಿಗಿಂತ ಕೊಂಚ ಚಿಕ್ಕದು. ಹುರಿದ ಕಾಫಿ ಬೀಜದ ಬಣ್ಣ. ಒಂದು ಕಡೆ ಡೊಂಕು ಮೂತಿಯ ಕೆಟಲ್, ಇನ್ನೊಂದು ಕಡೆ ಅಂಗಡಿಯವನ ಹೆಸರು, ಊರು. ಅಷ್ಟು ಸಣ್ಣ ಜಾಗದಲ್ಲಿ ಹಿಡಿಯ ಎರಡು ಮೊಳೆಗಳನ್ನೂ ಬಿಡದೆ ಕೊರೆದಿದ್ದರು. ನನಗೆ ನಿಜವಾಗಿಯೂ ಕಣ್ಣು ತುಂಬಿ ಬಂತು. ನಮ್ಮ ಮುತ್ತಾತನ ಹೆಸರು ಇಂಥದ್ದು ಯಾವುದರ ಮೇಲೂ ಉಳಿದಿಲ್ಲ.

"ಇದು ನನ್ನೊಬ್ಬನದಲ್ಲ" ಎಂದರು ವಾಲ್ಟರ್. ಆಸ್ಟಿನ್‌ನಲ್ಲಿ ರೂತ್ ಎಂಬ ಹಳೆಯ ಗೆಳತಿಯಿದ್ದಾರೆ. ಇಬ್ಬರೂ ಒಂದೇ ಶಾಲೆಯಲ್ಲಿ ಮೇಷ್ಟರಾಗಿದ್ದವರು. ಯಾವುದೋ ಹರಾಜಿನಲ್ಲಿ ಈ ಬಿಲ್ಲೆ ಬಂದಾಗ ಇಬ್ಬರಿಗೂ ಆಸೆ, ಒಬ್ಬರ ಕೈಯಲ್ಲೂ ಆಗುವ ಹಾಗಿಲ್ಲ. ಸೇರಿ ಕೊಂಡರು. ಅಂದಿನಿಂದ ಅರ್ಧ ವರ್ಷ ಇವರ ಮನೆಯಲ್ಲಿ, ಅರ್ಧ ವರ್ಷ ಅವರ ಮನೆಯಲ್ಲಿ. ಎರಡೂ ಊರುಗಳ ನಡುವಿನ ಒಂದು ಹೋಟೆಲಿನಲ್ಲಿ ಭೇಟಿಯಾಗಿ, ಊಟ ಮಾಡಿ, ಕೈಗೆ ಕೊಟ್ಟು ಬರುವುದು ವಾಡಿಕೆ. ಈ ಸಲ ಇವರ ಕಣ್ಣು ಕೈಕೊಟ್ಟಿತು, ಅವರ ಸೊಂಟದ ಮೂಳೆ ಮುರಿಯಿತು. ರೂತ್ ಅವರ ಸರದಿ ಬಂದು ತಿಂಗಳುಗಳೇ ಆಗಿದ್ದವು.

"ಪೋಸ್ಟಲ್ಲಿ ಕಳಿಸಬಹುದಲ್ಲ?" ಎಂದಳು ವಿಮಲಾ.

"ಯಾವತ್ತೂ ಕೈಯಿಂದ ಕೈಗೇ ಕೊಟ್ಟಿದೀವಿ" ಎಂದರು ಅವರು.

ನಾನು ಸುಮ್ಮನಿರಬೇಕಿತ್ತು. ಆಸ್ಟಿನ್ ಪಕ್ಕದ ಲಿಯಾಂಡರ್‌ನಲ್ಲಿ ವಿಮಲಾಳ ಮಗಳಿದ್ದಾಳೆ, ನಾಳೆಯೇ ಅಲ್ಲಿಗೆ ಹೋಗುತ್ತಿದ್ದೇನೆ, ನಾನೇ ಕೊಟ್ಟು ಬರುತ್ತೇನೆ ಎಂದೆ. ವಾಲ್ಟರ್ ನನ್ನನ್ನು ನೋಡಿದರು, ವಿಮಲಾಳನ್ನು ನೋಡಿದರು. ಅವರು ಹಿಂದೆಮುಂದೆ ನೋಡುತ್ತಿರುವುದು ಕಂಡು ನನಗೆ ಮತ್ತೂ ಹುರುಪು ಬಂತು. ನಾಲ್ಕು ತಲೆಮಾರಿನಿಂದ ನಮ್ಮ ಮನೆಯವರ ಕೈಯಲ್ಲಿ ತಾಮ್ರವೇ, ನನಗಿಂತ ಒಳ್ಳೆಯ ಕೈ ನಿಮಗೆ ಸಿಗುವುದಿಲ್ಲ ಎಂದೆ. ಕೊನೆಗೆ ಅವರು ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಕೈಗಿಟ್ಟರು.

"ಒಂದೇ ಮಾತು. ಈ ಹಳೇ ತಾಮ್ರಕ್ಕೆ—"

"ತಾಮ್ರದ ಬಗ್ಗೆ ನನಗೆ ಹೇಳಿಕೊಡಬೇಡಿ" ಎಂದೆ.

ಅವರು ನಕ್ಕು ಸುಮ್ಮನಾದರು.

ಲಿಯಾಂಡರ್, ಶುಕ್ರವಾರ

ವಿಮಲಾ ನನ್ನನ್ನು ಮಗಳು ಅನಘಾಳ ಮನೆಯಲ್ಲಿ ಬಿಟ್ಟು ಅಲೆನ್‌ಗೆ ಹಿಂತಿರುಗಿದಳು. ಅನಘಾ ಹುಟ್ಟಿ ಬೆಳೆದದ್ದೆಲ್ಲ ಟೆಕ್ಸಾಸಿನಲ್ಲೇ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ. ಬೆಳಗ್ಗೆ ಅವಳು ಆಫೀಸಿಗೆ ಹೋದಮೇಲೆ ದೇವರ ಮೂಲೆ ನೋಡಿದೆ. ಅವಳ ಮದುವೆಗೆ ನಾನೇ ಕೊಟ್ಟ ತಾಮ್ರದ ಚೊಂಬು, ಪಂಚಪಾತ್ರೆ ಕಪ್ಪಾಗಿ ಕೂತಿದ್ದವು. ಶುಕ್ರವಾರ ಬೇರೆ. ಅಡುಗೆಮನೆಯಲ್ಲಿ ಹುಡುಕಿದರೆ ಇಂಡಿಯನ್ ಅಂಗಡಿಯ ಹುಣಸೆಹಣ್ಣು ಇತ್ತು. ಸೆರಗು ಸಿಕ್ಕಿಸಿ ತೊಳೆಯಲು ನಿಂತೆ.

ಶುಕ್ರವಾರ ಹುಣಸೆಹಣ್ಣು ನೆನೆಸಿದರೆ ನಮ್ಮ ಮನೆಯಲ್ಲಿ ತಾಮ್ರದ್ದು ಎಂಬುದೆಲ್ಲ ಸಿಂಕಿಗೆ ಬರಬೇಕು. ಒಂದು ಹರಿವಾಣ ಉಳಿದರೂ ಅಮ್ಮ ಬೈಯುತ್ತಿದ್ದಳು. ಚೊಂಬು ಮುಗಿಯಿತು, ಪಂಚಪಾತ್ರೆ ಮುಗಿಯಿತು, ಕೈಯಲ್ಲಿ ಹುಳಿ ಇನ್ನೂ ಇತ್ತು. ಬಿಲ್ಲೆ ನೆನಪಾಯಿತು. ಅಷ್ಟು ತಿಂಗಳಿಂದ ಕಾಯುತ್ತಿರುವ ಹಿರಿಯ ಹೆಂಗಸಿನ ಕೈಗೆ ಕಿಲುಬು ಹಿಡಿದದ್ದನ್ನು ಹಾಗೇ ಕೊಡುವುದೇ? ಪಾಪ, ವಾಲ್ಟರ್‌ಗೆ ಕಣ್ಣು ಕಾಣುವುದಿಲ್ಲ, ಕೊಳೆ ಕಂಡಿಲ್ಲ ಎಂದುಕೊಂಡೆ. ಕೈತಪ್ಪಿ ಆದದ್ದಲ್ಲ ಇದು. ಪೆಟ್ಟಿಗೆ ತೆರೆದು, ಹುಳಿಯಲ್ಲಿ ಹೊರಳಿಸಿ, ಉಪ್ಪು ಉದುರಿಸಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಲ್ಲಿ ಕೆಟಲಿನ ಸಂದುಗೊಂದಿಯನ್ನೆಲ್ಲ ಉಜ್ಜಿದೆ. ನಲ್ಲಿಯ ಕೆಳಗೆ ಹಿಡಿದಾಗ ಕಂದು ನೀರು ಸಿಂಕಿನಲ್ಲಿ ಹರಿದುಹೋಯಿತು. ಅದು ಹೋಗುವುದನ್ನು ನಿಂತು ನೋಡಿ ಸಂತೋಷಪಟ್ಟೆ.

ಸಂಜೆ ಅನಘಾಗೆ ತೋರಿಸಿದೆ. ಬಿಲ್ಲೆ ಎಳೆ ಮಗುವಿನ ಅಂಗಾಲಿನ ಬಣ್ಣಕ್ಕೆ ತಿರುಗಿತ್ತು.

"ವಾವ್ ದೊಡ್ಡಮ್ಮ, ಲುಕ್ಸ್ ಬ್ರ್ಯಾಂಡ್ ನ್ಯೂ!" ಎಂದಳು.

ಆ ಮಾತಿಗೆ ನಾನು ಹಿಗ್ಗಿದೆ ಎಂದು ಬರೆಯಲು ಈಗ ಕೈ ಓಡುವುದಿಲ್ಲ.

ಆಸ್ಟಿನ್

ಮರುದಿನ ಅನಘಾಳ ಜೊತೆ ಹೋದಾಗ ರೂತ್ ನಮಗಾಗಿ ಸಿದ್ಧವಾಗಿ ಕೂತಿದ್ದರು. ಮುತ್ತಿನ ಓಲೆ, ಇಸ್ತ್ರಿ ಮಾಡಿದ ಅಂಗಿ. ಓಡಾಡಲು ಆಸರೆಗೆ ನಾಲ್ಕು ಕಾಲಿನ ಸ್ಟ್ಯಾಂಡು. ಮೇಜಿನ ಮೇಲೆ ಕಪ್ಪು ಬಟ್ಟೆ ಹಾಸಿ, ದೀಪ, ಭೂತಗನ್ನಡಿ ಇಟ್ಟುಕೊಂಡಿದ್ದರು. ಕೇಕು ಕೂಡ ಮಾಡಿಸಿದ್ದರು. ಬಾಣಂತಿ ಮನೆಗೆ ಬರುವಾಗ ನಮ್ಮಲ್ಲಿ ಹೀಗೆ ಸಿದ್ಧತೆ ಮಾಡುತ್ತಾರೆ. ಹೊಳೆಯುವ ಬಿಲ್ಲೆ ನೋಡಿ ಅವರ ಮುಖ ಹೇಗೆ ಅರಳುತ್ತದೆ ಎಂದು ಕಾಯುತ್ತ ನಾನು ಎದುರಿಗೆ ಕೂತೆ.

ಅವರು ಮುಚ್ಚಳ ತೆಗೆದರು. ತಕ್ಷಣ ಮುಚ್ಚಿದರು. ಮತ್ತೆ ತೆಗೆದರು. ಅಂಚು ಹಿಡಿದು ಎತ್ತಿ ದೀಪದ ಕೆಳಗೆ ತಿರುಗಿಸಿ ನೋಡಿ ಬಟ್ಟೆಯ ಮೇಲಿಟ್ಟರು.

"ಇದು ನಮ್ಮದಲ್ಲ" ಎಂದರು.

ನನಗೆ ಅರ್ಥವಾಗಲಿಲ್ಲ. ರೂತ್ ನನ್ನ ಕೈ ಮುಟ್ಟಿ ಹೇಳಿದರು: "ನೀವು ಬೇಜಾರ್ ಮಾಡ್ಕೋಬೇಡಿ. ಅವನು ಕೊಟ್ಟಿದ್ದನ್ನ ನೀವು ತಂದಿದೀರಿ. ಇದು ಈಚೆಗೆ ಮಾಡಿದ ನಕಲು. ನಮ್ಮದು ಇಷ್ಟು ಹೊಸದಾಗಿ ಇರೋಕೆ ಸಾಧ್ಯವೇ ಇಲ್ಲ." ಆಮೇಲೆ, "ಆಪರೇಷನ್ ದುಡ್ಡಿಗೆ ಕಷ್ಟ ಆಗಿರಬೇಕು. ಮಾರಿಬಿಟ್ಟಿದಾನೆ. ನನ್ನನ್ನ ಒಂದು ಮಾತು ಕೇಳಬಹುದಿತ್ತು ವಾಲ್ಟರ್" ಎಂದು ಆ ಬಿಲ್ಲೆಗೇ ಹೇಳಿದರು.

ಆಗ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ಡಲ್ಲಾಸಿನ ಹೆಂಗಸಿನ ಬಿಳಿಚಿದ ಮುಖ, ವಾಲ್ಟರ್ ಬಾಯಲ್ಲೇ ಉಳಿದ ಮಾತು, ತುಮಕೂರಿನ ನನ್ನ ಗಾಜಿನ ಕಪಾಟು. ಆದರೂ ನಾನು ಬಾಯಿ ಬಿಡಲಿಲ್ಲ. ಬಿಲ್ಲೆ ಹಾಳು ಮಾಡಿದ್ದಕ್ಕಿಂತ ನನ್ನನ್ನು ಹೆಚ್ಚು ಚುಚ್ಚುವುದು ಆ ಮೌನವೇ. ತಪ್ಪೆಲ್ಲ ವಾಲ್ಟರ್ ತಲೆಗೆ ಹೋಗಿತ್ತು, ನಾನು ಬರಿಯ ಅಂಚೆಯವಳಾಗಿ ಎದ್ದು ಬರಬಹುದಿತ್ತು.

"ದೊಡ್ಡಮ್ಮ, ಟೆಲ್ ಹರ್" ಎಂದಳು ಅನಘಾ.

"ಸುಮ್ನಿರೇ" ಎಂದೆ ಕನ್ನಡದಲ್ಲಿ. ಆ ಮಗುವಿಗೆ ಹಾಗೆ ಅಂದೆ.

ರೂತ್ ಫೋನ್ ಹಚ್ಚಿ ಸ್ಪೀಕರಿಗೆ ಹಾಕಿದರು. ಒಂದೇ ರಿಂಗಿಗೆ ವಾಲ್ಟರ್ ಎತ್ತಿದರು. ಕಾಯುತ್ತಲೇ ಕೂತಿದ್ದರೋ ಏನೋ.

"ಬಂತಾ? ನೋಡಿದ್ಯಾ? ಹೇಗಿದಾನೆ ನಮ್ಮ ಕೆಟಲ್ ಹುಡುಗ?"

"ವಾಲ್ಟರ್, ನಮ್ಮದು ಎಲ್ಲಿ?"

"ಏನು ಎಲ್ಲಿ?"

"ನಿಜ ಹೇಳು. ನಾನು ಕೋಪ ಮಾಡ್ಕೊಳಲ್ಲ."

ಆ ಕಡೆ ವಾಲ್ಟರ್ ಗಲಿಬಿಲಿಗೊಂಡು ರೂತ್ ಎಂದು ಎರಡು ಸಲ ಕರೆದರು. ಅದನ್ನು ಕೇಳಿಸಿಕೊಂಡು ಕೂರುವುದು ನನ್ನಿಂದ ಆಗಲಿಲ್ಲ.

"ನಾನು ತೊಳೆದೆ" ಎಂದೆ. "ಅದೇ ಬಿಲ್ಲೆ. ಕೊಳೆ ಅಂದ್ಕೊಂಡು ಹುಣಸೆಹಣ್ಣಲ್ಲಿ ತೊಳೆದುಬಿಟ್ಟೆ."

ರೂತ್ ನನ್ನ ಕಡೆ ತಿರುಗಿದರು. ಆ ಕಣ್ಣಲ್ಲಿದ್ದದ್ದು ಕೋಪವಲ್ಲ, ಅಪನಂಬಿಕೆ. ನಾಲ್ಕು ತಲೆಮಾರಿನ ತಾಮ್ರದವಳು ಎಂದು ವಾಲ್ಟರ್ ನನ್ನನ್ನು ಹೊಗಳಿ ಹೇಳಿದ್ದರಂತೆ. ಅಂಥವಳು ಹೀಗೆ ಮಾಡುವುದುಂಟೇ?

"ಅವನನ್ನ ಉಳಿಸೋಕೆ ಹೀಗೆ ಹೇಳ್ತಿದೀರಾ?"

ಕಳ್ಳಿಯಲ್ಲ ಎಂದು ತೋರಿಸುವುದಕ್ಕೆ ಜನ ಒದ್ದಾಡುವುದನ್ನು ನೋಡಿದ್ದೇನೆ. ನಾನು ದಡ್ಡಿ ಎಂದು ತೋರಿಸಲು ಒದ್ದಾಡಬೇಕಾಯಿತು. ಅಡುಗೆಮನೆಯ ಗೋಡೆಗೆ ಕಪ್ಪಾದ ತಾಮ್ರದ ಬಾಣಲೆಯೊಂದು ನೇತಾಡುತ್ತಿತ್ತು. ಒಂದು ನಿಂಬೆಹಣ್ಣು, ಒಂದು ಚಿಟಿಕೆ ಉಪ್ಪು ಕೇಳಿದೆ. ರೂತ್ ತಾವೇ ಸ್ಟ್ಯಾಂಡು ತಳ್ಳಿಕೊಂಡು ಬಂದು ಪಕ್ಕದಲ್ಲಿ ನಿಂತರು. ಅನಘಾ ಫೋನ್ ಹಿಡಿದುಕೊಂಡಿದ್ದಳು. ನಾನು ಬಾಣಲೆಯ ತಳದಲ್ಲಿ ಬಿಲ್ಲೆಯಷ್ಟೇ ಜಾಗವನ್ನು ನಿಂಬೆಹೋಳಿನಿಂದ ಉಜ್ಜಿ ನೀರು ಬಿಟ್ಟೆ. ರೂತ್ ಬಿಲ್ಲೆಯನ್ನು ಅದರ ಪಕ್ಕ ಹಿಡಿದರು. ಎರಡರದೂ ಒಂದೇ ಬಣ್ಣ.

ರೂತ್ ಬಿಲ್ಲೆಯನ್ನು ತಿರುಗಿಸಿ ಇನ್ನೊಂದು ಕಡೆಯನ್ನೂ ಪಕ್ಕದಲ್ಲಿಟ್ಟು ನೋಡಿದರು.

"ನಮ್ಮದೇ, ವಾಲ್ಟರ್" ಎಂದರು ರೂತ್. "ತೊಳೆದಿದಾರೆ."

"ಪೂರ್ತಿನಾ?"

"ಎರಡೂ ಕಡೆ."

"ತಪ್ಪು ನಂದು" ಎಂದಿತು ಫೋನಿನ ಧ್ವನಿ. "ನಾನು ಹೇಳಿಕೊಡಬೇಕಿತ್ತು. ಅವರನ್ನ ಏನೂ ಅನ್ಬೇಡ, ರೂತ್."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಬೈಸಿಕೊಂಡು ಅಭ್ಯಾಸವಿದೆ, ತಿರುಗಿಸಿ ಬೈಯಲೂ ಬರುತ್ತದೆ. ಕ್ಷಮಿಸಿ ಎಂದೆ. ಇಂಗ್ಲಿಷಿನಲ್ಲಿ ಆ ಪದ ಕಾಲು ತುಳಿದಾಗ ಹೇಳುವ ಪದವೇ. ಬೇರೆ ಪದ ನನಗೆ ಗೊತ್ತಿರಲಿಲ್ಲ.

"ನಾನು ನಿನ್ನ ಮೇಲೆ ಅನುಮಾನಪಟ್ಟೆ" ಎಂದರು ರೂತ್ ಫೋನಿಗೆ. ವಾಲ್ಟರ್ ಕಣ್ಣಿಗೆ ಔಷಧಿ ಹಾಕಿಕೊಳ್ಳಬೇಕು ಎಂದು ಫೋನ್ ಇಟ್ಟರು. ಅಷ್ಟು ವರ್ಷ ಸರದಿಯ ಬಗ್ಗೆ ಒಂದು ಜಗಳವೂ ಆಗಿರದ ಇಬ್ಬರ ನಡುವೆ ನಾನು ಆ ಮಾತನ್ನು ತಂದಿಟ್ಟಿದ್ದೆ.

ರೂತ್ ನಮ್ಮನ್ನು ಹಾಗೇ ಕಳಿಸಲಿಲ್ಲ. ಕೇಕು ಕತ್ತರಿಸಿದರು. ನಾನು ತಿಂದೆ, ಬೇಡ ಎನ್ನುವ ಹಕ್ಕು ನನಗಿರಲಿಲ್ಲ. ಆ ಕಂದು ಬಣ್ಣ ಮತ್ತೆ ಬರುವುದೇ ಎಂದು ಕೇಳಿದೆ.

"ಬರತ್ತೆ. ಗಾಳಿ, ಬೆಳಕು, ಜನರ ಕೈ. ನಿಧಾನಕ್ಕೆ ಬರತ್ತೆ" ಎಂದರು. "ಅದನ್ನ ನೋಡೋಕೆ ನಾವಿಬ್ರೂ ಇರಲ್ಲ ಅಷ್ಟೆ. ನಾವು ಕೊಂಡಿದ್ದು ಅದನ್ನೇ ಕಣ್ರೀ. ಕೆಟಲ್ ಚಿತ್ರ ಪುಸ್ತಕದಲ್ಲೂ ಇದೆ. ಅಷ್ಟೊಂದು ಜನ ಜೇಬಲ್ಲಿ ಇಟ್ಕೊಂಡು, ಬ್ರೆಡ್ಡು, ಮೊಳೆ ಕೊಂಡ್ಕೊಂಡು ಆಗಿದ್ದ ಬಣ್ಣ ಅದು."

ನನ್ನ ಭಾಷೆಯಲ್ಲಿ ಅದಕ್ಕೆ ನನಗೆ ಗೊತ್ತಿದ್ದ ಹೆಸರು ಕಿಲುಬು. ತಿಕ್ಕಿ ತೆಗೆಯಬೇಕಾದದ್ದು ಎಂದೇ ಕಲಿತಿದ್ದೆ, ಕಲಿಸಿದ್ದೆ, ಅದರಿಂದಲೇ ಊಟ ಮಾಡಿದ್ದೆ.

ಹೊರಡುವಾಗ ಅನಘಾ ಮೆಲ್ಲಗೆ ಕೇಳಿದಳು, ಮುಂದೆ ವಾಲ್ಟರ್ ಸರದಿ ಬಂದಾಗ ತಾನು ಡ್ರೈವ್ ಮಾಡಿಕೊಂಡು ಹೋಗಿ ಕೊಡಬಹುದೇ ಎಂದು. ಕೇಳಿದ್ದು ನನ್ನ ಪರವಾಗಿ ಎಂದು ಮೂವರಿಗೂ ಗೊತ್ತಿತ್ತು.

"ಬೇಡ ಮಗು" ಎಂದರು ರೂತ್. ಧ್ವನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಇನ್ನು ಯಾರ ಕೈಲೂ ಕಳಿಸಲ್ಲ. ಹ್ಯೂಸ್ಟನ್‌ಗೆ ಬಸ್ಸಿದೆ. ನಾನೇ ತಗೊಂಡು ಹೋಗ್ತೀನಿ."

ನಮ್ಮನ್ನು ಕಳಿಸಲು ಸ್ಟ್ಯಾಂಡು ತಳ್ಳಿಕೊಂಡು ಹೊರಗೆ ಬಂದರು. ವರಾಂಡದಿಂದ ಅಂಗಳಕ್ಕೆ ಒಂದು ಮೆಟ್ಟಿಲಿತ್ತು. ಸ್ಟ್ಯಾಂಡಿನ ಮುಂದಿನ ಕಾಲುಗಳನ್ನು ಅದರ ಅಂಚಿನ ತನಕ ತಂದರು, ಕೆಳಗೆ ನೋಡಿದರು, ಹಿಂದಕ್ಕೆಳೆದುಕೊಂಡರು. ಇಳಿಯಲಾಗದೆ ಅಲ್ಲೇ ನಿಂತು ಕೈ ಬೀಸಿದರು.